ಮೈಸೂರಿನ ಕತ್ತರಿ, ಲೀಡ್ಸಿನ ಅಂಜೂರ

ಪ್ರಶ್ನೆ: ಸರಸ್ವತಿಪುರಂನ ನಮ್ಮ ಹಿತ್ತಿಲಿನಲ್ಲಿ ಆರು ವರ್ಷದ ಅಂಜೂರದ ಮರವಿದೆ. ಗಂಜಾಂನಿಂದ ತಂದ ಕಡ್ಡಿ. ಬಚ್ಚಲ ನೀರು ಕುಡಿದು ಸೊಂಪಾಗಿ ಬೆಳೆದಿದೆ. ಆದರೆ ಮಳೆಗಾಲದಲ್ಲಿ ಎಲೆಗಳಿಗೆಲ್ಲ ಕಂದು ಚುಕ್ಕೆ ಬಂದು ಉದುರುತ್ತವೆ, ಕಾಯಿಗಳೂ ಜೊತೆಗೆ ಬೀಳುತ್ತವೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗಳು ಮೂರು ವರ್ಷದ ಹಿಂದೆ ಅಲ್ಲಿನ ನರ್ಸರಿಯಿಂದ ‘ಬ್ರೌನ್ ಟರ್ಕಿ’ ಎಂಬ ಅಂಜೂರದ ಗಿಡವನ್ನು ತಂದು ದೊಡ್ಡ ಡ್ರಮ್ಮಿನಲ್ಲಿ ನೆಟ್ಟಿದ್ದಾಳೆ. ನಮ್ಮಲ್ಲಿ ಮಾಡುವಂತೆ ಚಳಿ ಶುರುವಾಗುವಾಗ ಗಿಡವನ್ನು ಚೆನ್ನಾಗಿ ಸವರು ಎಂದು ನಾನೇ ಹೇಳಿದ್ದೆ. ಪ್ರತಿ ನವೆಂಬರಿನಲ್ಲಿ ತಪ್ಪದೆ ಸವರುತ್ತಾಳೆ. ಜುಲೈ ಕೊನೆಗೆ ಕಾಯಿ ಕಚ್ಚುತ್ತವೆ, ಅಕ್ಟೋಬರಿನವರೆಗೂ ಹಸಿರಾಗಿಯೇ ಉಳಿದು ಉದುರುತ್ತವೆ. ಇದುವರೆಗೆ ಒಂದು ಹಣ್ಣನ್ನೂ ತಿಂದಿಲ್ಲ. ಮುಂದಿನ ಏಪ್ರಿಲಿನಲ್ಲಿ ಆರು ತಿಂಗಳಿಗೆಂದು ನಾನು ಅಲ್ಲಿಗೆ ಹೋಗುತ್ತಿದ್ದೇನೆ. ನಮ್ಮ ಮರದ ಕಡ್ಡಿಯನ್ನೇ ಒಯ್ದರೆ ಹೇಗೆ? ಇನ್ನೊಂದು ಮಾತು. ಪ್ರತಿ ಅಂಜೂರದೊಳಗೂ ಸತ್ತ ಹುಳವಿರುತ್ತದೆ ಎಂದು ಮೊಮ್ಮಗಳು ಎಲ್ಲೋ ಓದಿ ತಿನ್ನುವುದನ್ನೇ ಬಿಟ್ಟಿದ್ದಾಳೆ. ಇದು ನಿಜವೇ?
— ನಿವೃತ್ತ ಶಿಕ್ಷಕ, ಮೈಸೂರು

ಉತ್ತರ: ಮೇಷ್ಟರೇ, ಮೊದಲೇ ಹೇಳಿಬಿಡುತ್ತೇನೆ, ಬೇಸರಪಟ್ಟುಕೊಳ್ಳಬೇಡಿ. ನಿಮ್ಮ ಮಗಳ ಗಿಡ ಹಣ್ಣು ಕೊಡದಿರುವುದಕ್ಕೆ ಮುಕ್ಕಾಲು ಪಾಲು ಕಾರಣ ನೀವು ಫೋನಿನಲ್ಲಿ ಕೊಟ್ಟ ಸಲಹೆ. ಸಲಹೆ ಮೈಸೂರಿಗೆ ಸರಿಯಾಗಿಯೇ ಇದೆ. ಲೀಡ್ಸಿನಲ್ಲಿ ಅದೇ ಸಲಹೆ ಗಿಡದ ಫಸಲನ್ನು ಕತ್ತರಿಸಿ ಹಾಕುತ್ತದೆ. ಪ್ರತಿ ನವೆಂಬರಿನಲ್ಲಿ ಆಕೆ ಸವರಿ ಎಸೆದ ತುದಿಗಳಲ್ಲೇ ಮುಂದಿನ ಆಗಸ್ಟಿನ ಹಣ್ಣುಗಳಿದ್ದವು.

ಅದು ಹೇಗೆ ಎಂಬುದಕ್ಕೆ ಅಂಜೂರದ ಒಂದು ವಿಚಿತ್ರ ಗುಣವನ್ನು ತಿಳಿದುಕೊಳ್ಳಬೇಕು. ಈ ಮರ ವರ್ಷಕ್ಕೆ ಎರಡು ಬಗೆಯಲ್ಲಿ ಕಾಯಿ ಬಿಡಬಲ್ಲದು. ಹೋದ ವರ್ಷ ಬೆಳೆದು ಬಲಿತ ಕೊಂಬೆಯ ತುದಿಯಲ್ಲಿ, ಎಲೆ ಉದುರಿದ ಗುರುತಿನ ಪಕ್ಕದಲ್ಲಿ, ಬಟಾಣಿಕಾಳಿನಷ್ಟು ಅಥವಾ ಅದಕ್ಕೂ ಸಣ್ಣದಾದ ಗುಂಡನೆಯ ಮೊಗ್ಗುಗಳು ಕುಳಿತಿರುತ್ತವೆ. ಅವು ಚಳಿಗಾಲವನ್ನು ಹಾಗೆಯೇ ಕಳೆದು ವಸಂತದಲ್ಲಿ ಊದಿಕೊಳ್ಳುತ್ತವೆ. ಇದು ಹಳೆಯ ಕೊಂಬೆಯ ಫಸಲು. ಈ ವರ್ಷ ಚಿಗುರಿದ ಹೊಸ ಕೊಂಬೆಯಲ್ಲಿ, ಎಲೆಯ ಕಂಕುಳಲ್ಲಿ, ಬೇಸಿಗೆಯ ನಡುವೆ ಕಚ್ಚುವ ಕಾಯಿಗಳು ಹೊಸ ಕೊಂಬೆಯ ಫಸಲು. ಮೈಸೂರು, ಮಂಡ್ಯ, ಬಳ್ಳಾರಿ, ಪುಣೆಯ ಪುರಂದರ ಸೀಮೆ, ಎಲ್ಲಿಯೇ ಆಗಲಿ ನಾವು ನಂಬಿಕೊಂಡಿರುವುದು ಈ ಎರಡನೆಯದನ್ನು. ಆದ್ದರಿಂದಲೇ ನಮ್ಮಲ್ಲಿ ಗಟ್ಟಿಯಾಗಿ ಸವರುತ್ತೇವೆ. ಸವರಿದಷ್ಟೂ ಹೊಸ ಚಿಗುರು, ಚಿಗುರಿನಷ್ಟು ಕಾಯಿ. ಹಿಪ್ಪುನೇರಳೆಯನ್ನು ಬುಡದವರೆಗೆ ಕತ್ತರಿಸಿ ಸೊಪ್ಪು ತೆಗೆಯುವ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಜೂರವೂ ಅದೇ ಕುಟುಂಬದ ಮರ.

ಕಾಯಿ ಕಚ್ಚಿದ ಮೇಲೆ ಹಣ್ಣಾಗಲು ಅಂಜೂರಕ್ಕೆ ಮೂರರಿಂದ ನಾಲ್ಕು ತಿಂಗಳ ಬಿಸಿಲು ಬೇಕು. ನಮಗೆ ಬಿಸಿಲಿಗೆ ಬರವಿಲ್ಲ. ಲೀಡ್ಸಿನಲ್ಲಿ ಜುಲೈ ತಿಂಗಳ ಹಗಲಿನ ಸರಾಸರಿ ಉಷ್ಣಾಂಶವೇ 20–21 ಡಿಗ್ರಿ ಸೆಲ್ಸಿಯಸ್. ಅಲ್ಲಿನ ಜುಲೈ ರಾತ್ರಿ ನಮ್ಮ ಮೈಸೂರಿನ ಜನವರಿ ರಾತ್ರಿಗಿಂತ ತಂಪು. ಜುಲೈ ಕೊನೆಗೆ ಕಚ್ಚಿದ ಕಾಯಿ ಅಕ್ಟೋಬರಿಗೆ ಹಣ್ಣಾಗುವ ಮಾತೇ ಇಲ್ಲ. ನಿಮ್ಮ ಮಗಳು ಕಂಡದ್ದೂ ಇದನ್ನೇ. ಅಂಥ ಊರಿನಲ್ಲಿ ಬಯಲಿನ ಗಿಡದಿಂದ ಹಣ್ಣು ತಿನ್ನಬೇಕಾದರೆ ಉಳಿದಿರುವ ದಾರಿ ಒಂದೇ: ಚಳಿಗಾಲಕ್ಕೆ ಮೊದಲೇ ಹುಟ್ಟಿ ಕುಳಿತ ಆ ಬಟಾಣಿ ಗಾತ್ರದ ಮೊಗ್ಗುಗಳನ್ನು ಜೋಪಾನ ಮಾಡುವುದು. ಅವು ಆಗಸ್ಟ್ ಅಥವಾ ಸೆಪ್ಟೆಂಬರಿಗೆ ಹಣ್ಣಾಗುತ್ತವೆ.

ನನ್ನ ತಮ್ಮನ ಮಗ ಅದೇ ಸೀಮೆಯ ಶೆಫೀಲ್ಡಿನಲ್ಲಿದ್ದಾನೆ. ಅವನ ಮನೆಯಲ್ಲಿ ಎರಡು ಬೇಸಿಗೆ, ಒಂದು ಚಳಿಗಾಲ ಕಳೆದವನು ನಾನು. ಮೂವತ್ತು ವರ್ಷ ತೋಟಗಾರಿಕೆಯಲ್ಲಿ ದುಡಿದವನೆಂಬ ಹಮ್ಮಿನಿಂದ ಅವನ ಗಿಡಕ್ಕೂ ಮೊದಲ ವರ್ಷವೇ ಕತ್ತರಿ ಹಾಕಿದ್ದೆ. ಪಕ್ಕದ ಮನೆಯ ಮುದುಕಿ ಬೇಲಿಯ ಆಚೆಯಿಂದ ನೋಡುತ್ತಿದ್ದವರು, ಏನೂ ಹೇಳಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ತಮ್ಮ ಗಿಡದ ನಾಲ್ಕು ಹಣ್ಣನ್ನು ಒಂದು ಬಟ್ಟಲಿನಲ್ಲಿ ತಂದುಕೊಟ್ಟರು. ನನಗೆ ಪಾಠವಾಗಲು ಅಷ್ಟು ಸಾಕಾಯಿತು.

ಹಾಗಾದರೆ ಈ ನವೆಂಬರಿನಲ್ಲಿ ಮಗಳು ಮಾಡಬೇಕಾದದ್ದು ಇಷ್ಟು. ಕತ್ತರಿಯನ್ನು ಒಳಗಿಡಲಿ. ಎಲೆ ಉದುರಿದ ಮೇಲೆ ಕೊಂಬೆಯಲ್ಲಿ ಎರಡು ಗಾತ್ರದ ಕಾಯಿಗಳು ಕಾಣುತ್ತವೆ. ನೆಲ್ಲಿಕಾಯಿ, ನಿಂಬೆಕಾಯಿ ಗಾತ್ರಕ್ಕೆ ಬಂದು ಹಸಿರಾಗಿ ನಿಂತವುಗಳನ್ನೆಲ್ಲ ಮರುಕವಿಲ್ಲದೆ ಕಿತ್ತು ಹಾಕಲಿ. ಅವು ಚಳಿಗೆ ಹೇಗೂ ಸಾಯುತ್ತವೆ, ಕೊಳೆತು ಕೊಂಬೆಗೂ ಕೇಡು ತರುತ್ತವೆ. ತುದಿಯ ಒಂದು ಗೇಣಿನೊಳಗೆ ಅಂಟಿಕೊಂಡಿರುವ ಬಟಾಣಿ ಗಾತ್ರದವನ್ನು ಮುಟ್ಟಬಾರದು. ಸಂದೇಹ ಬಂದರೆ ನಿಮಗೆ ಫೋಟೊ ಕಳುಹಿಸಲಿ, ಬೆರಳನ್ನು ಪಕ್ಕಕ್ಕಿಟ್ಟು ತೆಗೆದರೆ ಗಾತ್ರ ತಿಳಿಯುತ್ತದೆ.

ಸವರುವುದು ಅಲ್ಲಿ ಏಪ್ರಿಲಿನ ಕೆಲಸ, ಅದೂ ಮಿತವಾಗಿ. ಒಣಗಿದ್ದು, ಒಂದರ ಮೇಲೊಂದು ಉಜ್ಜುವಂಥದ್ದು, ಒಳಮುಖವಾಗಿ ಬೆಳೆದದ್ದು, ಇಷ್ಟನ್ನು ತೆಗೆದರೆ ಸಾಕು. ಜೂನ್ ತಿಂಗಳಲ್ಲಿ ಮಾತ್ರ ಒಂದು ಮುಖ್ಯವಾದ ಕೆಲಸವಿದೆ. ಹೊಸ ಚಿಗುರು ಐದಾರು ಎಲೆ ಬಿಟ್ಟೊಡನೆ ಕುಡಿಯನ್ನು ಉಗುರಿನಿಂದ ಚಿವುಟಬೇಕು. ಹೀಗೆ ಚಿವುಟಿದಾಗ ಚಿಗುರು ಉದ್ದಕ್ಕೆ ಓಡುವುದನ್ನು ಬಿಟ್ಟು ಬಲಿಯುತ್ತದೆ, ಬೇಸಿಗೆ ಮುಗಿಯುವಷ್ಟರಲ್ಲಿ ಅದರ ಕಂಕುಳಲ್ಲಿ ಮುಂದಿನ ವರ್ಷದ ಮೊಗ್ಗುಗಳು ಕೂರುತ್ತವೆ. ಜುಲೈ ದಾಟಿದ ಮೇಲೆ ಚಿವುಟಿದರೆ ಉಪಯೋಗವಿಲ್ಲ.

ಎರಡನೆಯ ದೋಷ ಡ್ರಮ್ಮು. ದೊಡ್ಡ ಡ್ರಮ್ಮು, ಅದರ ತುಂಬ ಹಸನಾದ ಗೊಬ್ಬರದ ಮಣ್ಣು, ಇಷ್ಟು ಸಿಕ್ಕಿದ ಅಂಜೂರ ಬೇರು ಬಿಡುತ್ತದೆ, ಎಲೆ ಬಿಡುತ್ತದೆ, ಕಾಯಿಯ ಯೋಚನೆಯನ್ನೇ ಬಿಡುತ್ತದೆ. ಹಾಳು ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿನಲ್ಲಿ ಬೆಳೆದು ಬಂದ ವಂಶ ಅದರದ್ದು. ನಮ್ಮ ದೇವಸ್ಥಾನದ ಗೋಪುರದ ಮೇಲೆ ಹಿಡಿ ಮಣ್ಣಿಲ್ಲದೆಯೂ ಅರಳಿ ಗಿಡ ಹೇಗೆ ನಗುತ್ತಾ ನಿಂತಿರುತ್ತದೆ, ನೋಡಿದ್ದೀರಲ್ಲ. ಬೇರಿಗೆ ಸ್ವಲ್ಪ ಇಕ್ಕಟ್ಟಾದರೆ ಮಾತ್ರ ಅಂಜೂರ ಕಾಯಿಯತ್ತ ಮನಸ್ಸು ಮಾಡುತ್ತದೆ. ನೀವು ಏಪ್ರಿಲಿನಲ್ಲಿ ಹೋಗುತ್ತೀರಲ್ಲ, ಸರಿಯಾದ ಹೊತ್ತು. ಎಲೆ ಬಿಡುವ ಮೊದಲು ಗಿಡವನ್ನು ಡ್ರಮ್ಮಿನಿಂದ ಎಬ್ಬಿಸಿ, ಅಂಚಿನ ಬೇರುಗಳನ್ನು ಮೂರನೆಯ ಒಂದು ಭಾಗದಷ್ಟು ಕತ್ತರಿಸಿ, 40–45 ಸೆಂಟಿಮೀಟರ್ ಅಗಲದ ಕುಂಡಕ್ಕೆ ಇಳಿಸಿ. ಮಣ್ಣಿಗೆ ದಪ್ಪ ಮರಳು ಸೇರಿಸಿ. ಎರಡು ವರ್ಷಕ್ಕೊಮ್ಮೆ ಇದೇ ಕುಂಡದಲ್ಲಿ ಬೇರು ಸವರಿ ಹೊಸ ಮಣ್ಣು ಕೊಟ್ಟರೆ ಸಾಕು.

ಬೇರು ಇಕ್ಕಟ್ಟಾಗಿರಬೇಕು ಎಂದರೆ ಬಾಯಾರಿಕೆಯಲ್ಲಿರಬೇಕು ಎಂದರ್ಥವಲ್ಲ. ಬೇಸಿಗೆಯಲ್ಲಿ ಕುಂಡ ಒಂದು ದಿನ ಪೂರ್ತಿ ಒಣಗಿದರೂ ಕಾಯಿ ಉದುರುತ್ತದೆ. ಕಾಯಿ ಊದಲು ಶುರುವಾದಾಗಿನಿಂದ ವಾರಕ್ಕೊಮ್ಮೆ ಟೊಮೆಟೊ ಗಿಡಕ್ಕೆಂದು ಅಲ್ಲಿ ಮಾರುವ ದ್ರವಗೊಬ್ಬರವನ್ನು ಕೊಡಬಹುದು. ಅದರಲ್ಲಿ ಪೊಟ್ಯಾಷ್ ಹೆಚ್ಚು. ಹುಲ್ಲುಹಾಸಿಗೆ ಹಾಕುವ ಸಾರಜನಕದ ಗೊಬ್ಬರವನ್ನು ಹತ್ತಿರಕ್ಕೂ ಬಿಡಬೇಡಿ.

ಜಾಗದ ವಿಷಯ. ನಮ್ಮಲ್ಲಿ ದಕ್ಷಿಣ ದಿಕ್ಕೆಂದರೆ ಕೆಲವರು ಹಿಂಜರಿಯುತ್ತಾರೆ. ಅಲ್ಲಿ ಸೂರ್ಯ ಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿಕೊಂಡೇ ಇರುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯೇ ಲಕ್ಷ್ಮಿ. ಇಟ್ಟಿಗೆಯ ಗೋಡೆ ಹಗಲೆಲ್ಲ ಬಿಸಿಲು ಹೀರಿಕೊಂಡು ರಾತ್ರಿ ಗಿಡಕ್ಕೆ ಕೊಡುತ್ತದೆ. ಕುಂಡವನ್ನು ಆ ಗೋಡೆಗೆ ತಾಗಿಸಿಡಿ. ಮುಂದೆ ನೆಲದಲ್ಲೇ ನೆಡುವ ಆಸೆಯಿದ್ದರೆ ಅಲ್ಲಿನವರು ಮಾಡುವ ಉಪಾಯ ಇದು: ಗೋಡೆಯ ಬುಡದಲ್ಲಿ ಉದ್ದ, ಅಗಲ, ಆಳ 60 ಸೆಂಟಿಮೀಟರ್ ಇರುವ ಗುಂಡಿ ತೆಗೆದು, ನಾಲ್ಕೂ ಪಕ್ಕಕ್ಕೆ ಚಪ್ಪಡಿ ನಿಲ್ಲಿಸಿ, ತಳಕ್ಕೆ ಇಟ್ಟಿಗೆಯ ಚೂರು ತುಂಬುತ್ತಾರೆ. ನೆಲದೊಳಗೊಂದು ಕಲ್ಲಿನ ತೊಟ್ಟಿ ಎನ್ನಿ. ನಮ್ಮಲ್ಲಿಯೂ ಮಾವು, ತೆಂಗಿಗೆ ಗುಂಡಿ ತೆಗೆಯುತ್ತೇವೆ, ಆದರೆ ಬೇರು ಹರಡಲಿ ಎಂದು. ಅವರು ಹರಡದಿರಲಿ ಎಂದು ತೆಗೆಯುತ್ತಾರೆ.

ಇನ್ನು ಚಳಿ. ನವೆಂಬರಿನಲ್ಲಿ ಗಿಡ ಬೋಳಾಗಿ ಒಣಕಡ್ಡಿಯಂತೆ ನಿಂತಾಗ ಸತ್ತಿತೆಂದು ಯಾರಿಗಾದರೂ ಅನಿಸುತ್ತದೆ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಲು ಹೇಳಿ; ಒಳಗೆ ಹಸಿರಿದ್ದರೆ ನಿದ್ದೆ ಮಾಡುತ್ತಿದೆ. ನಿದ್ದೆಯಲ್ಲಿರುವ ಅಂಜೂರದ ಬಲಿತ ಕೊಂಬೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನವರೆಗೆ ಹೆಚ್ಚುಕಡಿಮೆ ತಾಳಿಕೊಳ್ಳುತ್ತದೆ. ಅದಕ್ಕೂ ಕೆಳಗಿಳಿದರೆ ಮೇಲಿನದು ಸತ್ತರೂ ಬೇರಿನಿಂದ ಮತ್ತೆ ಚಿಗುರುವುದು ಉಂಟು, ಆದ್ದರಿಂದ ಜೂನ್‌ವರೆಗೆ ಕಾಯದೆ ಕಿತ್ತು ಎಸೆಯಬಾರದು. ಕುಂಡದ ಗಿಡಕ್ಕೆ ಅಪಾಯ ಹೆಚ್ಚು: ನೆಲದ ಬೇರಿಗೆ ಚಳಿ ಮೇಲಿನಿಂದ ಮಾತ್ರ ಇಳಿಯುತ್ತದೆ, ಕುಂಡದ ಬೇರನ್ನು ಸುತ್ತಲಿನಿಂದಲೂ ಹಿಡಿಯುತ್ತದೆ. ಗ್ಯಾರೇಜು ಇದ್ದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕುಂಡವನ್ನು ಅಲ್ಲಿಗೆ ತಳ್ಳಲಿ. ಎಲೆಯಿಲ್ಲದ ಗಿಡಕ್ಕೆ ಬೆಳಕು ಬೇಡ. ತಿಂಗಳಿಗೊಂದು ಲೋಟ ನೀರು ಸಾಕು. ಕರುಣೆಯಿಂದ ಹೆಚ್ಚು ಹಾಕಿದರೆ ಬೇರು ಕೊಳೆಯುತ್ತದೆ. ಬೆಚ್ಚಗಿರಲಿ ಎಂದು ಮನೆಯೊಳಗೆ ಹೀಟರಿನ ಪಕ್ಕಕ್ಕೆ ತರುವುದು ಮಾತ್ರ ಬೇಡ. ಜನವರಿಯಲ್ಲೇ ಎಚ್ಚೆತ್ತು ಬೆಳಕಿಲ್ಲದೆ ಬಿಳಿಚಿಕೊಂಡ ಚಿಗುರು ಬಿಡುತ್ತದೆ. ಗ್ಯಾರೇಜು ಇಲ್ಲದಿದ್ದರೆ ಕುಂಡಕ್ಕೆ ಗೋಣಿತಾಟು ಸುತ್ತಿ, ಕೊಂಬೆಗಳ ನಡುವೆ ಒಣಹುಲ್ಲು ತುರುಕಿ, ಮೇಲೆ ಗಾಳಿಯಾಡುವ ಬಟ್ಟೆ ಹೊದಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಬಿಟ್ಟ ಮೇಲೆ ಒಂದು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದರೆ ಎಳೆಯ ಎಲೆ, ಕಾಯಿ ಎರಡೂ ಕರಕಲಾಗುತ್ತವೆ. ಹವಾಮಾನದ ಸೂಚನೆ ನೋಡಿಕೊಂಡು ಅಂಥ ಸಂಜೆ ಹಳೆಯ ಚಾದರವನ್ನು ಹೊದಿಸಿ; ಆ ಹೊತ್ತಿಗೆ ನೀವೇ ಅಲ್ಲಿರುತ್ತೀರಿ.

ಪ್ಯಾರಿಸ್ ಪಕ್ಕದ ಆರ್ಜಾಂತೈ ಎಂಬ ಊರು ಒಂದು ಕಾಲದಲ್ಲಿ ಅಂಜೂರಕ್ಕೆ ಹೆಸರಾಗಿತ್ತು. ಅಲ್ಲಿನ ಚಳಿಯಲ್ಲಿ ಅದು ಹೇಗೆ ಸಾಧ್ಯವಾಯಿತೆಂದರೆ, ರೈತರು ಗಿಡವನ್ನು ಒಂದೇ ಕಾಂಡದ ಮರವಾಗಲು ಬಿಡದೆ ಬುಡದಿಂದಲೇ ನೆಲಕ್ಕೆ ವಾಲಿದ ಕೊಂಬೆಗಳ ಪೊದೆಯಾಗಿ ಬೆಳೆಸುತ್ತಿದ್ದರು. ಚಳಿಗೆ ಮೊದಲು ಆ ಕೊಂಬೆಗಳನ್ನು ಒಟ್ಟಾಗಿ ಕಟ್ಟಿ, ಬಗ್ಗಿಸಿ, ತೋಡಿನಲ್ಲಿ ಮಲಗಿಸಿ ಮೇಲೆ ಮಣ್ಣು ಮುಚ್ಚಿಬಿಡುತ್ತಿದ್ದರು. ವಸಂತದಲ್ಲಿ ಅಗೆದು ಎಬ್ಬಿಸಿದರೆ ತುದಿಯ ಮೊಗ್ಗುಗಳು ಹಾಗೆಯೇ ಇರುತ್ತಿದ್ದವು. ಅಮೆರಿಕಕ್ಕೆ ವಲಸೆ ಹೋದ ಇಟಲಿಯವರು ನ್ಯೂಯಾರ್ಕಿನ ಬ್ರೂಕ್ಲಿನ್ ಹಿತ್ತಿಲುಗಳಲ್ಲಿಯೂ ಇಂಥದ್ದನ್ನೇ ಮಾಡುತ್ತಿದ್ದರು: ಬಗ್ಗಿಸಿ ಹೂಳುವುದು, ಇಲ್ಲವೇ ಮರಕ್ಕೆ ಕಂಬಳಿ, ಟಾರ್ಪಾಲು ಸುತ್ತಿ ಮೇಲೊಂದು ಬಕೆಟ್ ಕವುಚುವುದು. ಊರು ಬಿಟ್ಟವರಿಗೆ ಊರಿನ ಹಣ್ಣಿನ ಮೇಲೆ ಎಷ್ಟು ಆಸೆ ನೋಡಿ. ನಿಮ್ಮ ಕಡ್ಡಿಯ ಪ್ರಶ್ನೆಯಲ್ಲಿಯೂ ನನಗೆ ಅದೇ ಕಂಡಿತು.

ಆದರೆ ಕಡ್ಡಿಯನ್ನು ಒಯ್ಯಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಇಲ್ಲಿಂದ ಬ್ರಿಟನ್ನಿಗೆ ನೆಡುವ ಗಿಡ, ಕಡ್ಡಿ ಯಾವುದನ್ನೂ ಸೂಟ್‌ಕೇಸಿನಲ್ಲಿಟ್ಟು ಒಯ್ಯುವಂತಿಲ್ಲ. ಕಾನೂನು ಹಾಗಿರಲಿ, ಒಯ್ದರೂ ಲಾಭವಿಲ್ಲ. ನಮ್ಮ ತಳಿಗಳನ್ನು ಹೆಪ್ಪುಗಟ್ಟುವ ಚಳಿಯೇ ಇಲ್ಲದ ಜಾಗದಲ್ಲಿ, ಹೊಸ ಕೊಂಬೆಯ ಫಸಲಿಗಾಗಿ ಆರಿಸಿ ಬೆಳೆಸಿಕೊಂಡು ಬಂದಿದ್ದೇವೆ. ಆಕೆಯ ಬಳಿ ಇರುವ ಬ್ರೌನ್ ಟರ್ಕಿ ಅಲ್ಲಿನ ಬಯಲಿಗೆ ಹೆಚ್ಚು ನಂಬಿಕೆಯ ತಳಿ. ಇನ್ನೊಂದು ಬೇಕೆಂದರೆ ಬ್ರನ್ಸ್‌ವಿಕ್, ವೈಟ್ ಮಾರ್ಸೇಲ್ಸ್ ಇವೆ. ಒಣ ಅಂಜೂರದ ಬೀಜವನ್ನು ಬಿತ್ತುವ ಯೋಚನೆಯೂ ಬೇಡ. ಬೀಜದಿಂದ ಎದ್ದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ತಿನ್ನಲು ಬಾರದ ಗಂಡು ಮರಗಳಾಗುತ್ತವೆ. ನಾನೇ ಒಮ್ಮೆ ಕಡ್ಡಿಯ ಗಿಡವೆಂದು ನಂಬಿ ಒಂದು ನರ್ಸರಿಯಿಂದ ಬೀಜದ ಸಸಿ ತಂದು ಐದು ವರ್ಷ ಸಾಕಿದ್ದೇನೆ. ಬಿಟ್ಟ ಕಾಯಿಯೊಳಗೆ ಬೆಂಡು ಬಿಟ್ಟರೆ ಏನೂ ಇರಲಿಲ್ಲ.

ನಿಮ್ಮ ಮೊಮ್ಮಗಳ ಹುಳದ ಪ್ರಶ್ನೆಗೆ ಬರುತ್ತೇನೆ, ಅದು ಗಂಡು ಮರದ ಜೊತೆಗೇ ಹೆಣೆದುಕೊಂಡಿದೆ. ನಾವು ಹಣ್ಣು ಎನ್ನುವುದು ಒಳಮುಖವಾಗಿ ಮಡಿಚಿಕೊಂಡ ಹೂಗೊಂಚಲು. ನೂರಾರು ಹೂಗಳು ಚೀಲದೊಳಗೇ ಅರಳುತ್ತವೆ. ಅತ್ತಿಯ ಹೂವನ್ನು ಕಂಡವರಿಲ್ಲ ಎಂದು ಹಿರಿಯರು ಹೇಳುತ್ತಿದ್ದದ್ದು ಇದರಿಂದಲೇ. ಸ್ಮಿರ್ನಾ ಎಂಬ ಗುಂಪಿನ ಅಂಜೂರಕ್ಕೆ ಪರಾಗ ಬೇಕೇ ಬೇಕು. ಗಂಡು ಅಂಜೂರದಲ್ಲಿ ಹುಟ್ಟಿದ ಸೊಳ್ಳೆಗಿಂತಲೂ ಸಣ್ಣ ಕಣಜವೊಂದು ಮೈಗೆ ಪರಾಗ ಅಂಟಿಸಿಕೊಂಡು ಹೆಣ್ಣು ಅಂಜೂರದ ಕಣ್ಣಿನ, ಅಂದರೆ ಕಾಯಿಯ ತುದಿಯ ಸಣ್ಣ ತೂತಿನ, ಮೂಲಕ ಒಳಗೆ ತೂರುತ್ತದೆ, ಮೊಟ್ಟೆಯಿಡಲಾಗದೆ ಅಲ್ಲೇ ಸಾಯುತ್ತದೆ. ಹಣ್ಣಿನ ರಸದಲ್ಲಿರುವ ಕಿಣ್ವ ಅದರ ಮೈಯನ್ನು ಬಹುಪಾಲು ಕರಗಿಸಿಬಿಡುತ್ತದೆ. ಟರ್ಕಿಯಿಂದ ಬರುವ ಒಣ ಅಂಜೂರ ಈ ಜಾತಿಯದು. ಕ್ಯಾಲಿಫೋರ್ನಿಯಾದವರು ಸ್ಮಿರ್ನಾ ಮರಗಳನ್ನು ತಂದು ನೆಟ್ಟು, ಕಾಯಿಯೆಲ್ಲ ಉದುರಿ ಕಂಗೆಟ್ಟು, ಕೊನೆಗೆ 1899ರಲ್ಲಿ ಆ ಕಣಜವನ್ನೂ ತಂದು ಬಿಟ್ಟ ಮೇಲೆಯೇ ಹಣ್ಣು ಕಂಡರು. ನಿಮ್ಮ ಹಿತ್ತಿಲಿನ ಮರ, ಪುಣೆಯ ಅಂಜೂರ, ಮಗಳ ಬ್ರೌನ್ ಟರ್ಕಿ ಎಲ್ಲವೂ ಬೇರೆ ಗುಂಪು. ಇವುಗಳಿಗೆ ಪರಾಗವೂ ಬೇಡ, ಕಣಜವೂ ಬೇಡ. ಮೊಮ್ಮಗಳು ಮನೆಯ ಹಣ್ಣನ್ನು ನಿಶ್ಚಿಂತೆಯಿಂದ ತಿನ್ನಲಿ. ಅಂಗಡಿಯ ಒಣಹಣ್ಣಿನ ವಿಚಾರ ಅವಳ ಮನಸ್ಸಿಗೆ ಬಿಟ್ಟದ್ದು. ಜೈನರು ಅತ್ತಿ, ಆಲ, ಅರಳಿಯಂಥ ಐದು ಬಗೆಯ ಹಣ್ಣುಗಳನ್ನು ತಿನ್ನದೆ ಬಿಟ್ಟದ್ದು ಇಂಥದ್ದೇ ಕಾರಣಕ್ಕೆ.

ಈಗ ನಿಮ್ಮ ಮರ. ಶ್ರೀರಂಗಪಟ್ಟಣದ ದ್ವೀಪದ ಗಂಜಾಂ ಅಂಜೂರಕ್ಕೆ ಒಂದು ಕಾಲದಲ್ಲಿ ಎಷ್ಟು ಹೆಸರಿತ್ತೆಂದರೆ ತೋಟಗಾರಿಕೆಯ ಪಠ್ಯಗಳು ಅದನ್ನು ಪುಣೆ, ಬಳ್ಳಾರಿಯ ಸಾಲಿನಲ್ಲಿ ಹೇಳುತ್ತವೆ. ಈರನಗೆರೆ ಬದನೆ, ನಂಜನಗೂಡು ರಸಬಾಳೆಯ ಹಾಗೆ ಮಣ್ಣಿಗೆ ಅಂಟಿದ ಹೆಸರು ಅದು. ನನ್ನ ಲೆಕ್ಕದಲ್ಲಿ ಅದರ ಗುಟ್ಟು ಹೊಳೆದಂಡೆಯ ನೀರು ಬಸಿಯುವ ಮಣ್ಣು. ನೀವು ಅಂಥ ಮರವನ್ನು ತಂದು ಬಚ್ಚಲ ಕಾಲುವೆಗೆ ಕಟ್ಟಿ ಹಾಕಿದ್ದೀರಿ. ಲೀಡ್ಸಿನ ಡ್ರಮ್ಮೂ ಸರಸ್ವತಿಪುರಂನ ಬಚ್ಚಲೂ ಮಾಡುತ್ತಿರುವುದು ಒಂದೇ ಕೆಲಸ: ಗಿಡಕ್ಕೆ ಬಿಡುವು ಕೊಡದಿರುವುದು. ಅಲ್ಲಿ ಚಳಿಯಾದರೂ ಬಲವಂತವಾಗಿ ನಿದ್ದೆ ಮಾಡಿಸುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲದ ಕಾರಣ ನಿದ್ದೆಯನ್ನು ನಾವೇ ಕೊಡಬೇಕು.

ಬಚ್ಚಲ ನೀರನ್ನು ಬಾಳೆಗೋ ಕೆಸುವಿಗೋ ತಿರುಗಿಸಿ. ಅಕ್ಟೋಬರಿನ ಮಳೆ ನಿಂತ ಮೇಲೆ ಮರಕ್ಕೆ ಒಂದು ತಿಂಗಳು, ಐದು ವಾರ ನೀರು ಬೇಡ. ಉಳಿದ ಎಲೆಗಳು ಹಳದಿಯಾಗಿ ಉದುರಲಿ. ಡಿಸೆಂಬರಿನ ಮೊದಲ ವಾರದಲ್ಲಿ ಕಳೆದ ವರ್ಷದ ಕೊಂಬೆಗಳನ್ನು ಚಿಗುರೊಡೆಯುವ ಮೂರು ನಾಲ್ಕು ಕಣ್ಣು ಬಿಟ್ಟು ಸವರಿ. ಇಲ್ಲಿ ನಿಮ್ಮ ಕತ್ತರಿಗೆ ಯಾವ ಅಂಕೆಯೂ ಬೇಕಿಲ್ಲ. ಪಾತಿ ಬಿಡಿಸಿ ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಕಿಲೋ ಬೇವಿನ ಹಿಂಡಿ ಕೊಟ್ಟು ಆಮೇಲೆ ನೀರು ಬಿಡಿ. ಚಿಗುರಿನೊಂದಿಗೆ ಕಾಯಿ ಕಚ್ಚಿ ಮಾರ್ಚ್ ಕೊನೆಯಿಂದ ಹಣ್ಣು ಶುರುವಾಗುತ್ತದೆ. ಮೇ ತಿಂಗಳ ದೊಡ್ಡ ಮಳೆಗೆ ಮೊದಲು ಬಹುಪಾಲು ಮುಗಿಯಬೇಕು ಎಂಬುದೇ ಈ ಲೆಕ್ಕದ ಉದ್ದೇಶ. ಹಣ್ಣಾಗುವಾಗ ಮಳೆ ಬಿದ್ದರೆ ಅಂಜೂರ ಬಿರಿದು ಹುಳಿಯಾಗುತ್ತದೆ. ಸವರಿದ ಕೊಂಬೆಗಳಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣವನ್ನು ಒಂದು ಗೇಣುದ್ದ ಕತ್ತರಿಸಿ ಹಿಪ್ಪುನೇರಳೆ ಕಡ್ಡಿಯಂತೆ ನೆಟ್ಟರೆ ತಿಂಗಳೊಪ್ಪತ್ತಿನಲ್ಲಿ ಬೇರು ಬಿಡುತ್ತವೆ, ನೆಂಟರಿಗೆ ಹಂಚಬಹುದು. ಆದರೆ ಹಿಪ್ಪುನೇರಳೆಯನ್ನು ಬೇರುಗಂಟು ರೋಗದಿಂದ ಕಿತ್ತು ಹಾಕಿದ ಜಾಗದಲ್ಲಿ ಮಾತ್ರ ಅಂಜೂರವನ್ನು ನೆಡಬಾರದು. ಆ ರೋಗ ತರುವ ದುಂಡುಜಂತುಗಳು ಇದರ ಬೇರನ್ನೂ ಬಿಡುವುದಿಲ್ಲ. ನಾಲೆ ಬಯಲಿನ ಭತ್ತ, ಕಬ್ಬಿನ ಗದ್ದೆಯ ನಡುವೆ ಅಂಜೂರದ ತೋಟ ಮಾಡುತ್ತೇವೆಂದು ಮಂಡ್ಯದ ಕಡೆಯಿಂದ ಆಗಾಗ ಕೇಳುತ್ತಾರೆ. ಅವರಿಗೂ ನನ್ನ ಉತ್ತರ ಒಂದೇ: ನೀರು ನಿಲ್ಲುವ ನೆಲದಲ್ಲಿ ಬೇಡ, ಕೆಂಪು ಮಣ್ಣಿನ ಏರು ಜಾಗವಿದ್ದರೆ ನೋಡಿ.

ಕಂದು ಚುಕ್ಕೆ ತುಕ್ಕು ರೋಗದ್ದು. ಎಲೆಯನ್ನು ಮಗುಚಿ ಬೆರಳಾಡಿಸಿದರೆ ತುಕ್ಕಿನ ಪುಡಿ ಅಂಟುತ್ತದೆ. ಬಿದ್ದ ಎಲೆಗಳನ್ನು ಬುಡದಲ್ಲೇ ಗೊಬ್ಬರವಾಗಲಿ ಎಂದು ಬಿಡುವುದು ಮೇಷ್ಟರಿಗೆ ಮಿತವ್ಯಯವಾಗಿ ಕಂಡೀತು. ರೋಗವನ್ನು ಮನೆಯಲ್ಲೇ ಸಾಕಿದಂತೆ. ಗುಡಿಸಿ ದೂರ ಹೂಳಿ. ಮಳೆಗಾಲದ ಮೊದಲೊಮ್ಮೆ, ಆಗಸ್ಟಿನಲ್ಲೊಮ್ಮೆ, ಸವರಿದ ಮೇಲೊಮ್ಮೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಿ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ; ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಇನ್ನೂ ಸ್ವಲ್ಪ ಬೇಕು. ಮಾಡಿದ ದಿನವೇ ಮುಗಿಸಬೇಕು. ಕಾಂಡದಲ್ಲಿ ತೂತು ಕಂಡು ಬುಡದಲ್ಲಿ ಮರದ ಪುಡಿ ಬಿದ್ದಿದ್ದರೆ ಅದು ಕಾಂಡಕೊರಕ. ಸೈಕಲ್ಲಿನ ಕಡ್ಡಿ ತೂರಿಸಿ ಹುಳವನ್ನು ಚುಚ್ಚಿ, ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಜೇಡಿಮಣ್ಣು ಮೆತ್ತಿಬಿಡಿ.

ಸವರುವಾಗ ಇಬ್ಬರೂ ತುಂಬುತೋಳಿನ ಅಂಗಿ, ಕೈಗವಸು ತೊಡಬೇಕು. ಅಂಜೂರದ ಹಾಲು ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕೊಯ್ಲಿನ ಬಗ್ಗೆ ನೀವು ಕೇಳಿಲ್ಲ, ಆದರೆ ಈ ನವೆಂಬರಿನಲ್ಲಿ ಮಗಳು ತುದಿ ಮುಟ್ಟದೆ ಬಿಟ್ಟರೆ ಬರುವ ಆಗಸ್ಟಿನಲ್ಲಿ ಅಲ್ಲಿ ನಿಮಗೆ ಅದು ಬೇಕಾಗುತ್ತದೆ. ಮಾವು, ಬಾಳೆಯ ಹಾಗೆ ಅಂಜೂರವನ್ನು ಬಲಿತಾಗ ಕಿತ್ತು ಹುಲ್ಲಿನಲ್ಲಿಟ್ಟು ಹಣ್ಣು ಮಾಡಲಾಗದು. ಬಣ್ಣವೊಂದನ್ನೇ ನಂಬಬೇಡಿ. ಕತ್ತು ಬಾಗಿ ಹಣ್ಣು ಜೋಲಬೇಕು, ಒತ್ತಿದರೆ ಮೆತ್ತಗಿರಬೇಕು, ಸಿಪ್ಪೆಯಲ್ಲಿ ಸಣ್ಣ ಬಿರುಕು ಕಾಣಬೇಕು. ಕಣ್ಣಿನಲ್ಲಿ ಜೇನಿನಂಥ ಒಂದು ಹನಿ ನಿಂತಿದ್ದರೆ ಆ ಗಳಿಗೆಯೇ ಕೀಳಬೇಕು. ಆಗಸ್ಟ್ ಮುಗಿಯುತ್ತಾ ಬಂದರೂ ಪೂರ್ತಿ ಊದಿದ ಕಾಯಿ ಮೆತ್ತಗಾಗದಿದ್ದರೆ ಮೆಡಿಟರೇನಿಯನ್ ಸೀಮೆಯ ಹಳೆಯ ಉಪಾಯವೊಂದಿದೆ: ಕಣ್ಣಿಗೆ ಒಂದು ತೊಟ್ಟು ಆಲಿವ್ ಎಣ್ಣೆ ಹಚ್ಚುವುದು. ಬಾಳೆಗೊನೆಗೆ ಹೊಗೆ ಹಾಕಿದಾಗ ಕೆಲಸ ಮಾಡುವ ಎಥಿಲೀನ್ ಅನಿಲವೇ ಇಲ್ಲಿಯೂ ಕಾಯಿಯೊಳಗೆ ಹುಟ್ಟಿ ಹಣ್ಣಾಗುವುದನ್ನು ಕೆಲವು ದಿನ ಮುಂದಕ್ಕೆ ತರುತ್ತದೆ. ತೀರ ಎಳೆಯ ಕಾಯಿಗೆ ಹಚ್ಚಿದರೆ ಬೆಂಡಾಗುತ್ತದೆ. ನಮ್ಮಲ್ಲಿ ಬಾವಲಿ, ಕೋಗಿಲೆ, ಅಳಿಲು ಕಾಯುವ ಹಾಗೆ ಅಲ್ಲಿ ಬ್ಲ್ಯಾಕ್‌ಬರ್ಡ್ ಎಂಬ ಕಪ್ಪು ಹಕ್ಕಿ, ಹಳದಿ ಪಟ್ಟೆಯ ಕಣಜ ಕಾಯುತ್ತಿರುತ್ತವೆ. ಜುಲೈ ಕೊನೆಗೇ ಗಿಡಕ್ಕೆ ಬಲೆ ಕಟ್ಟಿಬಿಡಿ, ಇಲ್ಲದಿದ್ದರೆ ಬೆಳಿಗ್ಗೆ ಕಾಫಿ ಕುಡಿದು ಹೋಗುವಷ್ಟರಲ್ಲಿ ಸಿಪ್ಪೆ ಮಾತ್ರ ಉಳಿದಿರುತ್ತದೆ.